ಮೈ ನಿಮ್ಮದು, ತಲೆ ನಮ್ಮದು

ಮಕ್ಕಳನ್ನು ಅಳೆಯಲು ಹೋದವರಿಗೆ ಒಂದಲ್ಲ ಒಂದು ಪಜೀತಿ ತಪ್ಪಿದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಟೀಚರ್ ಆಗಿರುವ ನನಗೇ ಇದು ಗೊತ್ತಿರಬೇಕಿತ್ತು. ಮನೆ ಹರಿಹರದಲ್ಲಿ, ಶಾಲೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ವಿಷಲ್. ಇಷ್ಟೇ ನನ್ನ ಬದುಕು ಅಂದುಕೊಂಡು ಆರಾಮಾಗಿದ್ದೆ. ಹೋದ ವರ್ಷ ಒಂದು ಫಾರ್ಮ್ ಬಂತು ನೋಡಿ, ಅವತ್ತಿನಿಂದ ಕೆಟ್ಟಿರುವ ತಲೆ ಇನ್ನೂ ಪೂರ್ತಿ ಸರಿಹೋಗಿಲ್ಲ.

೧. ಕುತ್ತಿಗೆಯ ಪ್ರಶ್ನೆ

ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ನಮ್ಮ ಹೆಡ್ ಮಿಸ್ ಎಲ್ಲೋ ಮೀಟಿಂಗಿಗೆ ಹೋಗಿ ಬಂದವರು ಸ್ಟಾಫ್ ರೂಮಿನ ಟೇಬಲ್ ಮೇಲೆ ಒಂದು ಕಟ್ಟು ಕಾಗದ ಇಟ್ಟರು. ಒಂದೊಂದು ಮಗುವಿಗೂ ಒಂದೊಂದು ಹಾಳೆ. ಎತ್ತರ, ತೂಕ, ಓಟ, ಬಗ್ಗಿ ಕಾಲ್ಬೆರಳು ಮುಟ್ಟುವುದು, ಎಲ್ಲದಕ್ಕಿಂತ ಕೆಳಗೆ 'ಆಲೋಚನಾ ಕೌಶಲ'.

"ಮಕ್ಕಳ ತೂಕಕ್ಕೂ, ಓಟಕ್ಕೂ, ತಲೆ ಓಡೋದಕ್ಕೂ ಏನಾರ ಸಂಬಂಧ ಐತಾ ಅಂತ ನಾವು ನೋಡಿ ಬರೀಬೇಕಂತೆ," ಅಂದರು ಹೆಡ್ ಮಿಸ್.

ನಮ್ಮ ಗಣಿತದ ಸರ್ ಚಹಾ ಕುಡಿಯುತ್ತಿದ್ದರು. ಸಿಲೆಬಸ್ ಮುಗಿದಿಲ್ಲ ಅಂತ ವರ್ಷಕ್ಕೆ ನನ್ನ ಅರ್ಧ ಪಿ.ಟಿ. ಪೀರಿಯಡ್ಡುಗಳನ್ನು ನುಂಗುವವರು ಇವರೇ. ಲೋಟ ಕೆಳಗಿಟ್ಟು, "ಸಂಬಂಧ ಏನೂ ಇಲ್ಲ ಮೇಡಂ. ಮೈ ಪಿ.ಟಿ. ಮೇಡಂದು, ತಲೆ ನಮ್ದು. ಅವರದ್ದು ಅವರು ಅಳೀಲಿ, ನಮ್ದು ನಾವು ಅಳೀತೀವಿ," ಅಂದರು.

ನನಗೆ ಸಿಟ್ಟು ಬಂತು. "ಹಂಗಾದ್ರೆ ಕುತ್ತಿಗೆ ಯಾರ್ದು ಸರ್?" ಅಂದೆ.

ಸರ್ ಮತ್ತೆ ಲೋಟ ಎತ್ತಿಕೊಂಡರು. ಹೆಡ್ ಮಿಸ್ ಮಾತ್ರ ಗಂಭೀರವಾಗಿ ಕನ್ನಡಕ ಏರಿಸಿಕೊಂಡು ಫಾರ್ಮಿನ ಎರಡೂ ಮಗ್ಗುಲು ನೋಡಿದರು.

"ಕುತ್ತಿಗೆ ಕೇಳಿಲ್ಲ, ಬಿಡ್ರಿ."

೨. ಹಗುರ ಮಾಡುವ ಕಲ್ಲು

ತೂಕದ ಯಂತ್ರವನ್ನು ವರಾಂಡದಲ್ಲಿ ಇಟ್ಟುಕೊಂಡು ಕೂತೆ. ಗಾಜಿನದು, ಮೇಲೆ ನಿಂತರೆ ಅಂಕಿ ತೋರಿಸುತ್ತದೆ. ಬೆಳಿಗ್ಗೆ ಆರನೇ ಕ್ಲಾಸು, ಮಧ್ಯಾಹ್ನ ಏಳನೇ ಕ್ಲಾಸು. ನಾನು ಅಂಕಿ ನೋಡಿ ಗಟ್ಟಿಯಾಗಿ ಹೇಳುವುದು, ಕ್ಲಾಸ್ ಲೀಡರ್ ಬರೆದುಕೊಳ್ಳುವುದು. ಮಧ್ಯಾಹ್ನ ಬಿಸಿಲು ಬಂತೆಂದು ಯಂತ್ರವನ್ನು ನಾಲ್ಕು ಹೆಜ್ಜೆ ಆಚೆ ಸರಿಸಿದ್ದೆ.

ಸಂಜೆ ಲೆಕ್ಕ ನೋಡಿದರೆ ತಲೆ ತಿರುಗಿತು. ಏಳನೇ ಕ್ಲಾಸಿನ ಮಕ್ಕಳು ಆರನೇ ಕ್ಲಾಸಿನವರಿಗಿಂತ ಹಗುರ! ಅದೂ ಹೊಟ್ಟೆ ತುಂಬ ಊಟ ಮಾಡಿ ಬಂದವರು.

ಗಣಿತದ ಸರ್‌ಗೆ ತೋರಿಸಿದೆ. ಅವರು ಕೂಡಿಸಿದರು, ಭಾಗಿಸಿದರು, ಸರಾಸರಿ ತೆಗೆದರು. "ಏಳನೇ ಕ್ಲಾಸಿಗೆ ಹೋಂವರ್ಕ್ ಜಾಸ್ತಿ ಕೊಡ್ತೀನಿ, ಅದಕ್ಕೆ ಇಳಿದಾವೆ," ಅಂತ ತೀರ್ಪು ಕೊಟ್ಟರು. ನಾನೂ ಇರಬಹುದೇನೋ ಅಂದುಕೊಂಡೆ.

ಆಗ ಮೆಟ್ಟಿಲ ಮೇಲೆ ಆಟೋಗೆ ಕಾಯುತ್ತಾ ಕೂತಿದ್ದ ಆರನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ಬಂದಳು. ದುಂಡು ದುಂಡಗೆ ಇದ್ದಾಳೆ, ಮಾತು ಕಮ್ಮಿ. ಯಂತ್ರದ ಕೆಳಗಿನ ಹಾಸುಗಲ್ಲಿನ ಮೂಲೆಯನ್ನು ಕಾಲಲ್ಲಿ ಒತ್ತಿದಳು. ಕಲ್ಲು ಟಕ್ ಎಂದು ಅಲ್ಲಾಡಿತು.

"ಈ ಕಲ್ಲು ಕೂತಿಲ್ಲ ಮಿಸ್. ಇದರ ಮ್ಯಾಲೆ ನಿಂತ್ರೆ ಎಲ್ರದೂ ಕಮ್ಮಿ ತೋರಿಸ್ತೈತೆ. ಬೆಳಿಗ್ಗೆ ಇಟ್ಟಿದ್ರಲ್ಲ, ಆ ಕಲ್ಲಿಗೆ ತಗೊಂಡು ಬರ್ರಿ."

ಎರಡೂ ಕಲ್ಲಿನ ಮೇಲೆ ಇಟ್ಟು ನಾನೇ ನಿಂತೆ. ಹೌದು, ಎರಡೂವರೆ ಕೇಜಿ ಫರಕು. ಇಪ್ಪತ್ತೆರಡು ವರ್ಷದ ಸರ್ವಿಸಿನ ನಾನು, ಎಂ.ಎಸ್ಸಿ. ಓದಿದ ಸರ್, ಇಬ್ಬರೂ ಸರಾಸರಿ ತೆಗೆಯುತ್ತಾ ಕೂತಿದ್ದೆವು.

ಸುದ್ದಿ ಸ್ಟಾಫ್ ರೂಮಿಗೆ ಹೋಯಿತು. ಮಾರನೇ ದಿನ ಬೆಳಿಗ್ಗೆ ಐದು ಜನ ಮಿಸ್‌ಗಳು ತೂಕ ನೋಡಿಕೊಳ್ಳಲು ಸಾಲಾಗಿ ನಿಂತಿದ್ದರು. ಎಲ್ಲರೂ ಅಲ್ಲಾಡುವ ಕಲ್ಲಿನ ಮುಂದೆ.

೩. ಎರಡು ಕೇಜಿ ವ್ಯವಹಾರ

ತೂಕವನ್ನು ಮಕ್ಕಳ ಡೈರಿಯಲ್ಲಿ ಬರೆದು ಕಳಿಸಿದ್ದೇ ತಪ್ಪಾಯಿತು. ಮೂರನೇ ಕ್ಲಾಸಿನ ಹುಡುಗನ ಅಜ್ಜಿ ಗೇಟು ತೆಗೆಯುವ ಮೊದಲೇ ಬಂದು ನಿಂತಿದ್ದರು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಡೈರಿ.

"ಅಕ್ಕೋರೇ, ನಮ್ಮ ಹುಡುಗನ್ನ ಎಲ್ಲಾರ ಮುಂದೆ ತೂಗಿದ್ರಂತೆ? ಅವನೇನು ಬೆಲ್ಲದ ಪೆಂಟೆ ಏನ್ರಿ?"

"ಎಲ್ಲಾ ಮಕ್ಕಳನ್ನೂ ನೋಡಿದೀವಿ ಅಜ್ಜಿ. ಇವನದು ವಯಸ್ಸಿಗೆ ಸ್ವಲ್ಪ ಜಾಸ್ತಿ ಐತೆ, ಅಷ್ಟೇ. ಸಂಜೆ ಆಡೋಕೆ ಬಿಡ್ರಿ."

"ಜಾಸ್ತಿ ಅಂತ ಬರೆದ್ರಲ್ಲ, ಅದಕ್ಕೇ ದೃಷ್ಟಿ ಆಗೈತೆ. ನಿನ್ನೆ ರಾತ್ರಿ ಹುಡುಗ ಏನೂ ತಿಂದಿಲ್ಲ, ಬರೀ ಮೂರು ರೊಟ್ಟಿ. ಈಗ ಉಕ್ಕಡಗಾತ್ರಿಗೆ ಕರ್ಕೊಂಡು ಹೋಗಿ ಅಜ್ಜಯ್ಯನ ಗದ್ದಿಗೆ ಮುಂದೆ ನಿಲ್ಲಿಸಿ ದೃಷ್ಟಿ ತೆಗೆಸ್ಕೊಂಡು ಬರ್ಬೇಕು ನಾನು. ನೀವು ಮೊದ್ಲು ಅದನ್ನ ಅಳಿಸಿ ಕಮ್ಮಿ ಬರೀರಿ."

ಅಳಿಸಲು ಬರುವುದಿಲ್ಲ ಅಂತ ನಾನು ಹೇಳುತ್ತಿರುವಾಗಲೇ ಇನ್ನೊಬ್ಬ ತಾಯಿ ಬಂದರು. ಅದೇ ಮೂರನೇ ಕ್ಲಾಸಿನ ಹುಡುಗಿಯ ಅಮ್ಮ. ಮುಖ ಸಣ್ಣದಾಗಿತ್ತು.

"ಮಿಸ್, ನಮ್ಮ ಹುಡುಗಿದು ಕಮ್ಮಿ ಅಂತ ಬರೆದೀರಿ. ನಮ್ಮತ್ತೆ ನೋಡಿ, ನೀನು ಕೂಸಿಗೆ ಏನೂ ಹಾಕಲ್ಲ ಅಂತ ಒಂದೇ ಸಮನೆ ಬೈತಾ ಅದಾರೆ. ಸ್ವಲ್ಪ ಜಾಸ್ತಿ ಬರ್ಕೊಡ್ರಿ."

ಒಬ್ಬರಿಗೆ ಕಮ್ಮಿ ಬೇಕು, ಒಬ್ಬರಿಗೆ ಜಾಸ್ತಿ ಬೇಕು. ನನಗೆ ನಗು ತಡೆಯಲಿಲ್ಲ. "ಹಂಗಾದ್ರೆ ಒಂದ್ ಕೆಲಸ ಮಾಡಾಣ. ಅಜ್ಜಿ ಹುಡುಗಂದು ಎರಡು ಕೇಜಿ ತೆಗೆದು ಇವರ ಹುಡುಗಿಗೆ ಹಾಕ್ಲಾ?" ಅಂದೆ.

ತಮಾಷೆಗೆ ಅಂದ ಮಾತು. ಆ ತಾಯಿ ಮಾತ್ರ ಆಸೆಯಿಂದ ಅಜ್ಜಿಯ ಕಡೆ ನೋಡಿದರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, ಕಣ್ಣು ಮುಚ್ಚಿ ಯೋಚನೆ ಮಾಡಿ, ಕೊನೆಗೆ ತಲೆ ಅಲ್ಲಾಡಿಸಿದರು.

"ಬ್ಯಾಡ ಬಿಡ್ರಿ ಅಕ್ಕೋರೇ. ಹುಡುಗ ಕಷ್ಟಪಟ್ಟು ತಿಂದಿರೋದು, ಗುರ್ತಿಲ್ಲದೋರಿಗೆ ಯಾಕ ಕೊಡಾಣ?"

೪. ಮೊದಲೇ ಕೂತವನು

ಓಟದ ಪರೀಕ್ಷೆ ಹೀಗೆ: ಮೈದಾನದಲ್ಲಿ ಎರಡು ಗೆರೆ. ಮೊಬೈಲು ಟಿಣ್ ಅಂದಾಗ ಈ ಗೆರೆಯಿಂದ ಆ ಗೆರೆಗೆ ಓಡಬೇಕು, ಮತ್ತೆ ಟಿಣ್ ಅಂದಾಗ ವಾಪಸ್. ಬರಬರುತ್ತಾ ಟಿಣ್ ಬೇಗ ಬೇಗ ಬರುತ್ತದೆ. ಆಗದವರು ಪಕ್ಕಕ್ಕೆ ಬಂದು ಕೂರಬೇಕು.

ಐದನೇ ಕ್ಲಾಸನ್ನು ನಿಲ್ಲಿಸಿದೆ. ಟಿಣ್ ಅಂತು. ಎಲ್ಲರೂ ಓಡಿದರು. ಊದುಬತ್ತಿಯಂತೆ ತೆಳ್ಳಗಿರುವ ಒಬ್ಬ ಹುಡುಗ ಮಾತ್ರ ನಿಧಾನವಾಗಿ ನಡೆದು ಬಂದು ನನ್ನ ಪಕ್ಕ ಕೂತ.

"ಯಾಕೋ? ಕಾಲು ನೋವಾ?"

"ಇಲ್ಲ ಮಿಸ್. ಕೊನೆವರೆಗೂ ಓಡ್ದೋರು ಏನ್ ಮಾಡ್ತಾರೆ?"

"ಸುಸ್ತಾಗಿ ಬಂದು ಕೂಡ್ತಾರೆ."

"ನಾನು ಆಗ್ಲೇ ಕೂತೀನಲ್ಲ ಮಿಸ್."

ಓಟದ ಕಾಲಂನಲ್ಲಿ ಅವನಿಗೆ ಸೊನ್ನೆ ಹಾಕಿದೆ. ಗಣಿತದ ಸರ್‌ಗೆ ಹೇಳಿದರೆ ಅವರು ಕುಣಿದಾಡಿಬಿಟ್ಟರು. ಆಲೋಚನಾ ಕೌಶಲದಲ್ಲಿ ಹತ್ತಕ್ಕೆ ಹತ್ತು ಬರೆದರು. "ನೋಡಿದ್ರಾ? ಓಡದೇ ಇದ್ರೇ ತಲೆ ಓಡೋದು," ಅಂತ ಬೇರೆ.

ಫಾರ್ಮಿನ ಹಿಂದಿನ ಮಗ್ಗುಲಲ್ಲಿ 'ದೈಹಿಕ ಸಾಮರ್ಥ್ಯಕ್ಕೂ ಆಲೋಚನೆಗೂ ಸಂಬಂಧ ಕಂಡುಬಂದಿದೆಯೇ?' ಅಂತ ಒಂದು ಪ್ರಶ್ನೆ. ಇವನ ವಿಷಯದಲ್ಲಿ ಏನು ಬರೆಯುವುದು? ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹೆಡ್ ಮಿಸ್ ವಾಪಸ್ ಕಳಿಸಿದರು. "ಹಿಂಗೆಲ್ಲ ನಡೆಯಂಗಿಲ್ಲ. ಹೌದು ಅಂದ್ರೆ ಹೌದು ಬರೀರಿ, ಇಲ್ಲ ಅಂದ್ರೆ ಇಲ್ಲ ಬರೀರಿ."

ನಾನು ಮೇಲಧಿಕಾರಿಗಳ ಮಾತು ಮೀರುವವಳಲ್ಲ. "ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ" ಅಂತಲೇ ಬರೆದು ಸಹಿ ಹಾಕಿದೆ.

೫. ಹರಿಹರದಿಂದ ನಡೆದುಬಂದವನು

ಆಲೋಚನೆಯ ಪರೀಕ್ಷೆಗೆ ಗಣಿತದ ಸರ್ ತಾವೇ ಪ್ರಶ್ನೆ ತಯಾರಿಸಿದ್ದರು. 'ಒಬ್ಬನು ಹರಿಹರದಿಂದ ದಾವಣಗೆರೆಗೆ ಗಂಟೆಗೆ ಏಳು ಕಿಲೋಮೀಟರಿನಂತೆ ನಡೆಯುತ್ತಾನೆ. ದೂರ ಹದಿನಾಲ್ಕು ಕಿಲೋಮೀಟರ್. ಎಷ್ಟು ಹೊತ್ತು ಬೇಕು?'

ಒಬ್ಬ ಹುಡುಗ ಅರ್ಧ ಗಂಟೆ ಅಂತ ಬರೆದಿದ್ದ. ಸರ್ ಕರೆದು ಕೇಳಿದರು.

"ಹೆಂಗೋ ಅರ್ಧ ಗಂಟೆ?"

"ಬಿಸಿಲಾಗೆ ನಡ್ಕೊಂಡು ಹೋಗೋರ್ನ ನೋಡಿ ಯಾರಾರ ಗಾಡಿ ಹತ್ತಿಸ್ಕೊಂತಾರೆ ಸರ್."

ಇನ್ನೊಬ್ಬಳು ಉತ್ತರವನ್ನೇ ಬರೆದಿರಲಿಲ್ಲ. ಬದಲಿಗೆ 'ಬಸ್ಸಿಗೆ ಯಾಕೆ ಬರಲಿಲ್ಲ?' ಅಂತ ಸರ್‌ಗೇ ಪ್ರಶ್ನೆ ಹಾಕಿದ್ದಳು. ಸರ್ ಆ ಪತ್ರಿಕೆ ಹಿಡಿದುಕೊಂಡು ಅರ್ಧ ದಿನ ಓಡಾಡಿದರು. ಅಂಕ ಕೊಡಬೇಕೋ, ಬೈಯಬೇಕೋ ಅವರಿಗೆ ತಿಳಿಯಲಿಲ್ಲ.

ಫಾರ್ಮಿನಲ್ಲಿ ಇನ್ನೊಂದು ಮಾತಿತ್ತು. ಪ್ರಶ್ನೆಗಳನ್ನು ಒಮ್ಮೆ ಕೊಟ್ಟು, ಇಪ್ಪತ್ತು ನಿಮಿಷ ಆಡಿಸಿ, ಮತ್ತೆ ಕೊಡಬೇಕು. ಆಡಿದ ಮೇಲೆ ತಲೆ ಚುರುಕಾಗುತ್ತದೋ ನೋಡಬೇಕು. ಸರಿ, ಆರನೇ ಕ್ಲಾಸನ್ನು ಮೈದಾನಕ್ಕೆ ಬಿಟ್ಟು ಇಪ್ಪತ್ತು ನಿಮಿಷ ಓಡಿಸಿದೆ. ಬೆವರು ಒರೆಸಿಕೊಂಡು ಬಂದು ಮತ್ತೆ ಬರೆದರು. ನೋಡಿದರೆ ಇಡೀ ಕ್ಲಾಸಿಗೆ ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಹತ್ತು!

ನಾನು ಗೆದ್ದೆ. ಗಣಿತದ ಸರ್ ಎದುರಿಗೆ ಹೋಗಿ ಪತ್ರಿಕೆಗಳನ್ನು ಟೇಬಲ್ ಮೇಲೆ ಹರವಿದೆ. "ಇನ್ಮುಂದೆ ನನ್ನ ಪೀರಿಯಡ್ ಮುಟ್ಟಬ್ಯಾಡ್ರಿ," ಅಂದೆ. ಸರ್ ಮುಖ ಕಪ್ಪಿಟ್ಟಿತು. ಹೊರಗೆ ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದ ಇಬ್ಬರು ಹುಡುಗರ ಮಾತು ಆಗಲೇ ಕಿಟಕಿಯಿಂದ ಕೇಳಿಸಿತು.

"ಓಡ್ತಾ ಓಡ್ತಾ ಏಳನೇ ಪ್ರಶ್ನೆ ಉತ್ತರ ಸರಿಯಾಗಿ ಕೇಳಿಸ್ಲಿಲ್ಲ ಕಣೋ. ಅದಕ್ಕೇ ಒಂದು ಮಾರ್ಕ್ಸ್ ಹೋತು."

ಸರ್ ಪೆನ್ನು ತೆಗೆದು ಎಲ್ಲ ಅಂಕ ಹೊಡೆದು ಹಾಕಿದರು. ನಾನು ಬಿಡಲಿಲ್ಲ. ಇಪ್ಪತ್ತು ನಿಮಿಷ ಓಡುತ್ತಾ ಹತ್ತು ಉತ್ತರಗಳನ್ನು ಮೂವತ್ತೆಂಟು ಜನರಿಗೆ ದಾಟಿಸಬೇಕಾದರೆ ಉಸಿರು ಎಷ್ಟು ಗಟ್ಟಿ ಇರಬೇಕು? ಓಟದ ಕಾಲಂನಲ್ಲಿ ಎಲ್ಲರಿಗೂ 'ಉತ್ತಮ' ಅಂತ ಬರೆದುಕೊಂಡೆ.

೬. ಖಾಲಿ ಡಬ್ಬಿ

ಇದನ್ನು ಹೇಳುವಾಗ ಮಾತ್ರ ನನಗೆ ಪೂರ್ತಿ ನಗು ಬರುವುದಿಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ತೂಕ ನೋಡಬೇಕಿತ್ತು. ಕಲ್ಲು ಅಲ್ಲಾಡುವುದನ್ನು ಕಂಡುಹಿಡಿದಳಲ್ಲ, ಆ ಹುಡುಗಿ ಮೂರು ಕೇಜಿ ಇಳಿದಿದ್ದಳು. ಅವಳ ಪಕ್ಕ ಕೂರುವ ಹುಡುಗಿ, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದವಳು, ಎರಡು ಕೇಜಿ ಏರಿದ್ದಳು. ಅಷ್ಟರಲ್ಲಿ ಗಣಿತದ ಸರ್ ಕೂಡ, "ಆ ದುಂಡನೆ ಹುಡುಗಿ ಎಷ್ಟು ಚುರುಕಿದ್ಲು, ಈಗ ಬರೀ ತೂಕಡಿಸ್ತಾಳೆ. ಕೇಳಿದ್ದಕ್ಕೆ ಉತ್ತರ ಇಲ್ಲ," ಅಂದಿದ್ದರು. ತೂಕ ಇಳಿದರೆ ತಲೆ ಚುರುಕಾಗಬೇಕಲ್ಲ, ಇಲ್ಲಿ ಉಲ್ಟಾ ಯಾಕೆ ಅಂತ ನನಗೆ ಗೊಂದಲ.

ತೆಳ್ಳನೆಯವಳನ್ನು ಕರೆದು ಕೇಳಿದೆ. "ಏನವ್ವಾ, ಚೆನ್ನಾಗಿ ಊಟ ಮಾಡ್ತೀಯೇನು ಈಗ?"

"ಹ್ಞೂಂ ಮಿಸ್. ದಿನಾ ಎರಡು ಡಬ್ಬಿ."

"ಎರಡನೇದು ಯಾರ್ದು?"

ಅವಳು ಪಕ್ಕದವಳ ಕಡೆ ಬೆರಳು ತೋರಿಸಿದಳು.

ದುಂಡನೆಯವಳನ್ನು ಆಚೆ ಕರೆದುಕೊಂಡು ಹೋದೆ. ಬೇವಿನ ಮರದ ಕಟ್ಟೆ ಮೇಲೆ ಕೂರಿಸಿಕೊಂಡೆ. ಅವಳು ಬೆರಳು ಹಿಸುಕಿಕೊಳ್ಳುತ್ತಾ, "ಅವತ್ತು ನೀವು ನನ್ನ ತೂಕ ಗಟ್ಟಿಯಾಗಿ ಓದಿದ್ರಿ ಮಿಸ್. ಎಲ್ರೂ ನಕ್ಕರು. ನೀವೂ ಸ್ವಲ್ಪ ನಕ್ರಿ," ಅಂದಳು.

ನಾನು ನಕ್ಕಿದ್ದೆನಾ? ಎಷ್ಟು ನೆನಪು ಮಾಡಿಕೊಂಡರೂ ನೆನಪಾಗಲಿಲ್ಲ. ಅವಳಿಗೆ ನೆನಪಿತ್ತು.

ಆರನೇ ಕ್ಲಾಸಿಗೆ ಹೋಗಿ, ಅವತ್ತು ಗಟ್ಟಿಯಾಗಿ ಓದಿದ್ದು ನನ್ನ ತಪ್ಪು ಅಂತ ಹೇಳಿದೆ. ಯಂತ್ರವನ್ನು ಸ್ಟೋರ್ ರೂಮಿನ ಒಳಗೆ ಇಟ್ಟು, ಬಾಗಿಲು ಹಾಕಿ, ಒಬ್ಬೊಬ್ಬರನ್ನೇ ಕರೆದು ನೋಡುವ ಪದ್ಧತಿ ಮಾಡಿದೆ. ಆ ಹುಡುಗಿಗೆ, "ಬೆಳೆಯೋ ಮಕ್ಕಳು ಊಟ ಬಿಡಬಾರ್ದು. ಊಟ ಮಾಡು, ನನ್ನ ಜೊತೆ ಆಡು. ಉಳಿದಿದ್ದು ಆಮೇಲೆ ನೋಡಾಣ," ಅಂದೆ. ಸಂಜೆ ಅವಳ ತಾಯಿಯನ್ನು ಕರೆಸಿದೆ. ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಎಲ್ಲ ಕೇಳಿ ಆ ತಾಯಿ ಹಣೆ ಹಣೆ ಬಡಿದುಕೊಂಡರು.

"ಅಯ್ಯೋ ಮಿಸ್, ಡಬ್ಬಿ ತೊಳೆದಂಗೆ ಖಾಲಿ ಬರ್ತೈತೆ, ಹುಡುಗಿಗೆ ಹಸಿವು ಜಾಸ್ತಿ ಆಗೈತೆ ಅಂತ ನಾನು ಒಂದು ತಿಂಗಳಿಂದ ಎರಡು ಚಪಾತಿ ಜಾಸ್ತಿ ಇಡ್ತಿದ್ದೆ!"

ಹುಡುಗಿ ಮತ್ತೆ ಊಟ ಶುರು ಮಾಡಿದಳು. ವಾರ ಕಳೆಯುವುದರೊಳಗೆ ಗಣಿತದ ಸರ್ ಬೋರ್ಡಿನ ಮೇಲೆ ಮಾಡಿದ ತಪ್ಪನ್ನು ಎದ್ದು ನಿಂತು ಹೇಳಿದಳು. ಸರ್ ನನ್ನ ಹತ್ತಿರ ಬಂದು, "ಇವಳ ಹೊಟ್ಟೆ ತುಂಬಿಸಿ ನನಗೆ ಕಷ್ಟ ತಂದ್ರಿ," ಅಂದರು. ಮುಖದಲ್ಲಿ ಖುಷಿ ಕಾಣುತ್ತಿತ್ತು.

ಎಲ್ಲ ಸರಿಹೋಯಿತು ಅಂದುಕೊಳ್ಳುವಾಗ ಆ ತೆಳ್ಳನೆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಮಿಸ್, ಊಟ ಬಿಡಬ್ಯಾಡ ಅಂತ ಅವಳಿಗೆ ಹೇಳಿದ್ರಿ, ಒಳ್ಳೇದಾತು. ಎರಡು ಡಬ್ಬಿ ರೂಢಿ ಆಗಿರೋ ನನ್ನ ಹೊಟ್ಟೆಗೆ ಯಾರು ಹೇಳೋರು?"

೭. ಅಪ್ಪಂದಿರ ಓಟ

ಕೊನೆಗೆ ಪೋಷಕರ ಮೀಟಿಂಗ್. ಇಷ್ಟು ತಿಂಗಳು ಅಳೆದಿದ್ದರಿಂದ ಏನು ಗೊತ್ತಾಯಿತು ಅಂತ ನಾನು ಎರಡು ಮಾತು ಹೇಳಬೇಕಿತ್ತು. ಗೊತ್ತಾಗಿದ್ದು ಕಮ್ಮಿ, ಗೊಂದಲ ಜಾಸ್ತಿ. ಆದರೂ ಮೈಕ್ ಹಿಡಿದೆ.

"ದಪ್ಪ ಇರೋರು ದಡ್ಡರು, ಸಣ್ಣಗಿರೋರು ಜಾಣರು ಅಂತ ತಿಳ್ಕೊಬ್ಯಾಡ್ರಿ. ನಾವು ಅಳೆದ ಮಕ್ಕಳು ಒಬ್ಬರಿದ್ದಂಗೆ ಒಬ್ಬರಿಲ್ಲ. ಆದ್ರೆ ಓಡಾಡ್ಕೊಂಡು ಬಂದ ಮೇಲೆ ತಲೆ ಸ್ವಲ್ಪ ಚುರುಕಾಗ್ತೈತೆ ಅಂತ ನನಗಂತೂ ಅನ್ನಿಸೈತೆ."

ಮುಂದಿನ ಸಾಲಿನಲ್ಲಿ ಬಿಳಿ ಅಂಗಿ ತೊಟ್ಟ ಒಬ್ಬ ತಂದೆ ಎದ್ದು ನಿಂತರು. "ಬರೋಬ್ಬರಿ ಹೇಳಿದ್ರಿ ಮಿಸ್! ಹಂಗಾದ್ರೆ ಈ ಶಾಲ್ಯಾಗೆ ಆಟದ ಪೀರಿಯಡ್ ಯಾಕ ಕಮ್ಮಿ?" ಅಂತ ಶುರು ಮಾಡಿದರು. ಇಪ್ಪತ್ತು ನಿಮಿಷ ಬಿಡಲಿಲ್ಲ. ಹೋಂವರ್ಕ್ ಜಾಸ್ತಿ ಆಯ್ತು, ಬ್ಯಾಗ್ ಭಾರ ಆಯ್ತು, ಮೈದಾನದಲ್ಲಿ ಕಲ್ಲು ಅದಾವೆ ಅಂತ ಒಂದೊಂದನ್ನೇ ಎತ್ತಿದರು. ಬೇರೆ ಪೋಷಕರು ಚಪ್ಪಾಳೆ ತಟ್ಟಿದರು. ಗಣಿತದ ಸರ್ ತಲೆ ತಗ್ಗಿಸಿ ಕೂತಿದ್ದರು. ನನಗಂತೂ ಒಳಗೊಳಗೇ ಹಬ್ಬ. ಹೆಡ್ ಮಿಸ್ ಕೂಡ ಮನಸೋತು, "ಇಂಥ ಪೋಷಕರು ನಮಗೆ ಬೇಕು. ಮುಂದಿನ ಸಲ ಪೋಷಕರ ಸಮಿತಿಗೆ ನೀವೇ ಅಧ್ಯಕ್ಷರಾಗ್ರಿ," ಅಂದುಬಿಟ್ಟರು. ಅವರು ತಿರುಗಿ ಎಲ್ಲರಿಗೂ ಕೈ ಮುಗಿದರು.

ಆಮೇಲೆ ಅಪ್ಪಂದಿರಿಗೆ ಒಂದು ಓಟ ಇಟ್ಟಿದ್ದೆ. ಮೈದಾನದ ಆ ತುದಿಯಿಂದ ಓಡಿ ಬಂದು, ಟೇಬಲ್ ಹತ್ತಿರ ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ವಿಷಲ್ ಊದಿದೆ. ಹೊಟ್ಟೆ ಕುಲುಕಿಸಿಕೊಂಡು, ಪ್ಯಾಂಟು ಹಿಡಿದುಕೊಂಡು ಎಲ್ಲರೂ ಓಡಿದರು. ಬಿಳಿ ಅಂಗಿಯವರೇ ಮೊದಲು ಬಂದರು. ಏದುಸಿರು ಬಿಡುತ್ತಿದ್ದರು.

ಟೇಬಲ್ ಹತ್ತಿರ ಗಣಿತದ ಸರ್. "ನಿಮ್ಮ ಮಗುಗೆ ಗಣಿತ ಹೇಳ್ಕೊಡೋರು ಯಾರು?"

"ಅದೇ... ಉದ್ದ ಜಡೆ ಮಿಸ್ಸು!"

ಸರ್ ತಮ್ಮ ಬೋಳು ತಲೆ ಸವರಿಕೊಂಡರು. "ಇಲ್ಲಿ ಗಣಿತಕ್ಕೆ ಇರೋದು ನಾನೊಬ್ನೇ. ಹುಡುಗ ಯಾವ ಕ್ಲಾಸು?"

"ಹುಡುಗ ಅಲ್ಲ, ಹುಡುಗಿ. ನಾಲ್ಕನೇ ಕ್ಲಾಸು, ಸಿ ಸೆಕ್ಷನ್."

"ನಮ್ಮಲ್ಲಿ ಸಿ ಸೆಕ್ಷನ್ನೇ ಇಲ್ಲ."

ಉಳಿದ ಅಪ್ಪಂದಿರೆಲ್ಲ ಬಂದು ಸುತ್ತ ನಿಂತರು. ಅದೇ ಹೊತ್ತಿಗೆ ಬಿಳಿ ಅಂಗಿಯವರ ಜೇಬಿನಲ್ಲಿ ಮೊಬೈಲು ಬಡಕೊಂಡಿತು. ಸುಸ್ತಿನಲ್ಲಿ ಸ್ಪೀಕರ್ ಒತ್ತಿಬಿಟ್ಟರು. ಹೆಂಗಸಿನ ದನಿ ಇಡೀ ಮೈದಾನಕ್ಕೆ ಕೇಳಿಸಿತು.

"ಎಲ್ಲಿ ಹಾಳಾಗಿ ಹೋಗೀರಿ? ಇಲ್ಲಿ ಮೀಟಿಂಗ್ ಮುಗೀತು. ನಮ್ಮ ಹುಡುಗಿ ಮಿಸ್ಸು, ಅಪ್ಪ ಬಂದಿಲ್ವಾ ಅಂತ ಕೇಳ್ತಾ ಅದಾರೆ!"

ಅವರು ಮೆಲ್ಲಗೆ ತಿರುಗಿ ನಮ್ಮ ಗೇಟಿನ ಮೇಲಿನ ಬೋರ್ಡು ಓದಿದರು. ಅವರ ಮಗಳ ಶಾಲೆ ಮುಂದಿನ ಕ್ರಾಸಿನಲ್ಲಿತ್ತು. ಹೆಡ್ ಮಿಸ್ ಹೊಸ ಅಧ್ಯಕ್ಷರಿಗೆಂದು ತರಿಸಿ ಹಿಡಿದುಕೊಂಡಿದ್ದ ಹಾರ ಎಲ್ಲಿ ಇಡುವುದು ಅಂತ ತಿಳಿಯದೆ ಕುರ್ಚಿಗೆ ಹಾಕಿದರು.

ಬಿಳಿ ಅಂಗಿಯವರು ಬೆವರು ಒರೆಸಿಕೊಂಡು ನನ್ನ ಕಡೆ ಬಂದರು. ಕಾಲಿಗೆ ಬೀಳುತ್ತಾರೇನೋ ಅನ್ನುವಷ್ಟು ಭಕ್ತಿ ಮುಖದಲ್ಲಿ.

"ನೀವು ಹೇಳಿದ್ದು ಖರೇ ಐತೆ ಮಿಸ್. ಎರಡು ತಾಸು ಕುರ್ಚಿ ಮ್ಯಾಲೆ ಕೂತಿದ್ದೆ, ಗೊತ್ತಾಗ್ಲಿಲ್ಲ. ಒಂದು ರೌಂಡ್ ಓಡಿದ್ದೇ ತಡ, ತಪ್ಪು ಸ್ಕೂಲಿಗೆ ಬಂದೀನಿ ಅಂತ ತಟ್ಟಂತ ಹೊಳೀತು ನೋಡ್ರಿ!"